ಓಯಿಜಾ ಬೋರ್ಡನ್ನು ಸುಡುವ ಮೊದಲು: ಹಾಸ್ಟೆಲ್ ವಾರ್ಡನ್‌ಗಳಿಗೂ ಶಾಲಾ ಮುಖ್ಯಸ್ಥರಿಗೂ ಒಂದು ಬಹಿರಂಗ ಪತ್ರ

ಮಾನ್ಯರೇ,

ಅಕ್ಷರಗಳು, "ಹೌದು", "ಇಲ್ಲ" ಎಂದೆಲ್ಲ ಬರೆದ ಹಲಗೆಯೇ ಓಯಿಜಾ ಬೋರ್ಡು. ಅದರ ಮೇಲೆ ಲೋಟವನ್ನೋ ನಾಣ್ಯವನ್ನೋ ಇಟ್ಟು ಎಲ್ಲರೂ ಬೆರಳು ಮುಟ್ಟಿಸಿ ಪ್ರಶ್ನೆ ಕೇಳುತ್ತಾರೆ, ಆತ್ಮವೊಂದು ಅದನ್ನು ಅಕ್ಷರದಿಂದ ಅಕ್ಷರಕ್ಕೆ ಸರಿಸಿ ಉತ್ತರ ಕೊಡುತ್ತದೆ ಎಂದು ನಂಬುತ್ತಾರೆ. ಹಾಸ್ಟೆಲಿನ ಕೋಣೆಯಲ್ಲಿ ಇಂಥ ಬೋರ್ಡು ಸಿಕ್ಕಿತು ಎಂದರೆ ಸಾಮಾನ್ಯವಾಗಿ ನಡೆಯುವುದು ಎರಡೇ. ಒಂದೋ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಬೈದು, ಮನೆಗೆ ಫೋನು ಮಾಡಿ, ಬೋರ್ಡನ್ನು ಸುಟ್ಟುಹಾಕುತ್ತಾರೆ. ಇಲ್ಲವೇ ಯಾರನ್ನಾದರೂ ಕರೆಸಿ ಕೋಣೆಯನ್ನು ಶುದ್ಧಿ ಮಾಡಿಸುತ್ತಾರೆ. ಮೊದಲನೆಯದರಲ್ಲಿ ಮಕ್ಕಳು ಸುಳ್ಳುಗಾರರಾಗುತ್ತಾರೆ, ಎರಡನೆಯದರಲ್ಲಿ ದೆವ್ವ ನಿಜವಾಗುತ್ತದೆ. ಯಾವುದು ನಡೆದರೂ ಭಯ ಇದ್ದಲ್ಲೇ ಇರುತ್ತದೆ. ಮೇಲಿಂದ ಅದಕ್ಕೆ ದೊಡ್ಡವರ ಸಾಕ್ಷಿಯೂ ಸಿಕ್ಕಿಬಿಡುತ್ತದೆ.

ನಾವು ಕೇಳುವುದು ಬೇರೆ. ಬೋರ್ಡನ್ನು ಹಗಲು ಹೊತ್ತಿನಲ್ಲಿ, ಆಡಿದ ಮಕ್ಕಳ ಕೈಯಿಂದಲೇ ಪರೀಕ್ಷೆ ಮಾಡಿಸಿ. ಹೇಗೆ ಮಾಡಬೇಕು, ಎಲ್ಲಿ ಎಡವುತ್ತದೆ ಎನ್ನುವುದನ್ನೆಲ್ಲ ಮುಂದೆ ಬರೆದಿದ್ದೇವೆ. ಅದಕ್ಕೂ ಮೊದಲು ನೀವು ಒಂದು ಮಾತನ್ನು ಒಪ್ಪಬೇಕು: "ನಾನು ತಳ್ಳಲಿಲ್ಲ, ತಾನೇ ಹೋಯಿತು" ಎಂದು ಅಳುವ ಮಗು ಬಹುಪಾಲು ಸಲ ತನಗೆ ಅನ್ನಿಸಿದ್ದನ್ನೇ ಹೇಳುತ್ತಿರುತ್ತದೆ. ಅದನ್ನು ನಂಬಿ. ನಂಬಿಕೊಂಡೇ ವಿವರಣೆ ಹುಡುಕಬಹುದು.

ಲೋಟವನ್ನೋ ನಾಣ್ಯವನ್ನೋ ಪ್ಲಾಂಚೆಟ್ಟನ್ನೋ (ಬೋರ್ಡಿನ ಮೇಲೆ ಜಾರಿಸುವ ಪುಟ್ಟ ಹಲಗೆ) ತಳ್ಳುವುದು ಬೆರಳುಗಳೇ. ಆದರೆ ತಳ್ಳಿದ ಸಂಗತಿ ಬೆರಳಿನ ಒಡೆಯರಿಗೆ ತಿಳಿದಿರುವುದಿಲ್ಲ. ಒಂದು ಚಲನೆಯನ್ನು ಮನಸ್ಸಿನಲ್ಲಿ ಎಣಿಸಿದರೆ ಸಾಕು, ಸ್ನಾಯುಗಳು ಅದನ್ನು ಸಣ್ಣದಾಗಿ ಶುರುಮಾಡಿಬಿಡುತ್ತವೆ. ಇಂಗ್ಲೆಂಡಿನ ವೈದ್ಯ ವಿಲಿಯಂ ಕಾರ್ಪೆಂಟರ್ 1852ರಲ್ಲಿ ಇದಕ್ಕೆ ಐಡಿಯೋಮೋಟರ್ ಎಂಬ ಹೆಸರು ಕೊಟ್ಟರು. ಅದಕ್ಕೂ ಹಿಂದೆ ಫ್ರೆಂಚ್ ರಸಾಯನ ವಿಜ್ಞಾನಿ ಮಿಷೆಲ್ ಶೆವ್ರೆಲ್ ದಾರಕ್ಕೆ ಕಟ್ಟಿದ ಉಂಗುರವನ್ನು ಪಾದರಸದ ಮೇಲೆ ಹಿಡಿದು ನೋಡಿದ್ದರು. ಉಂಗುರ ತೂಗಾಡಿತು. ತೋಳಿಗೆ ಆಸರೆ ಕೊಟ್ಟಷ್ಟೂ ತೂಗಾಟ ಕಡಿಮೆಯಾಯಿತು, ಕಣ್ಣು ಕಟ್ಟಿಕೊಂಡಾಗ ನಿಂತೇಹೋಯಿತು. ಇದನ್ನು ಅವರು 1833ರಲ್ಲಿ ಗೆಳೆಯ ಆಂಪಿಯರ್‌ಗೆ ಬರೆದ ಬಹಿರಂಗ ಪತ್ರದಲ್ಲಿ ಪ್ರಕಟಿಸಿದರು. ವಿದ್ಯುತ್ತಿನ ಅಳತೆಗೆ ಹೆಸರು ಕೊಟ್ಟ ಅದೇ ಆಂಪಿಯರ್. ತನ್ನ ಕೈ ತನಗೇ ಮೋಸ ಮಾಡಿತು ಎಂದು ಒಬ್ಬ ದೊಡ್ಡ ವಿಜ್ಞಾನಿ ಹೀಗೆ ಎಲ್ಲರ ಮುಂದೆ ಹೇಳಿಕೊಂಡಿದ್ದು ನಿಮ್ಮ ಮಕ್ಕಳಿಗೆ ಗೊತ್ತಾಗಲಿ. ಮೋಸ ಹೋದದ್ದಕ್ಕೆ ಅವರು ನಾಚಬೇಕಾಗಿಲ್ಲ.

ಎಷ್ಟು ಬಲ ಬೇಕು ಎಂದು ಲೆಕ್ಕ ಹಾಕಿ ನೋಡೋಣ. ಪ್ಲಾಂಚೆಟ್ಟಿನ ತೂಕ 50 ಗ್ರಾಂ ಎಂದುಕೊಳ್ಳಿ. ನಾಲ್ಕು ಬೆರಳುಗಳು ತಲಾ 25 ಗ್ರಾಂನಷ್ಟು ಭಾರ ಬಿಟ್ಟರೆ ಒಟ್ಟು 150. ಪ್ಲಾಂಚೆಟ್ಟಿನ ಮೂರು ಕಾಲುಗಳಿಗೆ ಮೆತ್ತನೆಯ ಬಟ್ಟೆ ಅಂಟಿಸಿರುತ್ತಾರೆ, ಹಲಗೆಗೆ ನುಣುಪಾದ ವಾರ್ನಿಷ್ ಇರುತ್ತದೆ. ಜಾರಿಸಲು ಆ ಭಾರದ ಕಾಲು ಭಾಗದಷ್ಟು ಬಲ ಬೇಕು ಎಂದಿಟ್ಟುಕೊಂಡರೂ 40 ಗ್ರಾಂಗಿಂತ ಕಡಿಮೆ. ನಾಲ್ಕು ಬೆರಳಿಗೆ ಹಂಚಿದರೆ ಒಂದೊಂದಕ್ಕೆ 10 ಗ್ರಾಂ ಕೂಡ ಬರುವುದಿಲ್ಲ. ಮಾಮೂಲಿ ಎ4 ಹಾಳೆ ಎರಡನ್ನು ಕೈಯಲ್ಲಿ ಹಿಡಿದರೆ ಎಷ್ಟು ಭಾರವೋ ಅಷ್ಟು. ಅಷ್ಟು ಸಣ್ಣ ಬಲವನ್ನು ತಾನು ಹಾಕುತ್ತಿದ್ದೇನೋ ಇಲ್ಲವೋ ಎಂದು ಯಾವ ಬೆರಳಿಗೂ ಹೇಳಲು ಬರುವುದಿಲ್ಲ.

ಅದರ ಮೇಲೆ ಕೈ ಸೋಲುತ್ತದೆ. ಮೊಣಕೈಗೆ ಆಸರೆಯಿಲ್ಲದೆ ತೋಳು ಚಾಚಿ ಐದು ನಿಮಿಷ ಕೂತರೆ ಯಾರ ಕೈಯಾದರೂ ನಡುಗುತ್ತದೆ. ಆರೋಗ್ಯವಂತರ ಕೈಯಲ್ಲೂ ಸೆಕೆಂಡಿಗೆ 8ರಿಂದ 12 ಸಲ ಸಣ್ಣ ನಡುಕ ಇದ್ದೇ ಇರುತ್ತದೆ, ದಣಿದಾಗ ಅದು ಹೆಚ್ಚುತ್ತದೆ. ಇನ್ನು ನಿಂತ ವಸ್ತುವನ್ನು ಕದಲಿಸಲು ಬೇಕಾದಷ್ಟು ಬಲ, ಕದಲಿದ ಮೇಲೆ ಓಡಿಸಲು ಬೇಕಾಗುವುದಿಲ್ಲ. ಹಾಗಾಗಿ ಲೋಟ ಸ್ವಲ್ಪ ಹೊತ್ತು ಅಂಟಿಕೊಂಡಂತೆ ನಿಂತು, ಆಮೇಲೆ ಥಟ್ಟನೆ ಜಾರುತ್ತದೆ. ಆ ಥಟ್ಟನೆಯೇ ಎಲ್ಲರ ಎದೆ ಝಲ್ಲೆನಿಸುವುದು. ಜಾರಿದ ಕ್ಷಣ ಪ್ರತಿಯೊಂದು ಬೆರಳೂ ಲೋಟದ ಜೊತೆಗೆ ಉಳಿಯಲು ಹಿಂಬಾಲಿಸುತ್ತದೆ, ಹಿಂಬಾಲಿಸುವಾಗ ಇನ್ನಷ್ಟು ತಳ್ಳುತ್ತದೆ. ಎಳೆದವರು ಯಾರು, ಹಿಂದೆ ಹೋದವರು ಯಾರು ಎಂದು ಬಿಡಿಸಲು ಆಗದ ಸ್ಥಿತಿ ಅದು.

ನಮ್ಮ ಕೈಯಿಂದ ನಮಗೇ ಕಚಗುಳಿ ಇಟ್ಟುಕೊಂಡರೆ ನಗು ಬರುವುದಿಲ್ಲ. ಕೈ ಏನು ಮಾಡಲಿದೆ ಎಂದು ಮಿದುಳು ಮೊದಲೇ ಅಂದಾಜು ಹಾಕಿ, ಆ ಸ್ಪರ್ಶವನ್ನು ಲೆಕ್ಕದಿಂದ ಕಳೆದುಬಿಡುತ್ತದೆ. ಬೋರ್ಡಿನ ಮೇಲೆ ಆಗುವುದು ಇದರ ತಿರುಗುಮುರುಗು. ನಾಲ್ಕು ಜನರ ಬಲ ಒಂದೇ ಲೋಟದಲ್ಲಿ ಬೆರೆತಾಗ ಯಾರ ಮಿದುಳಿನ ಅಂದಾಜಿಗೂ ಚಲನೆ ಸರಿಹೊಂದುವುದಿಲ್ಲ. ಹೊಂದದಿದ್ದದ್ದು "ನನ್ನದಲ್ಲ" ಎಂದು ಅನ್ನಿಸುತ್ತದೆ. ನಾಲ್ವರಿಗೂ ಹಾಗೆಯೇ ಅನ್ನಿಸಿದರೆ, ಕೋಣೆಯಲ್ಲಿ ಐದನೆಯವರು ಇದ್ದಾರೆ ಎಂದು ತೀರ್ಮಾನಿಸಲು ಎಷ್ಟು ಹೊತ್ತು ಬೇಕು?

"ಸರಿ, ಜಾರಿತು. ಆದರೆ ಹೆಸರು ಹೇಗೆ ಬರೆಯಿತು?" ಇದು ಮಕ್ಕಳು ಕೇಳುವ ಮುಂದಿನ ಪ್ರಶ್ನೆ, ಒಳ್ಳೆಯ ಪ್ರಶ್ನೆ. ಡೆನ್ಮಾರ್ಕಿನ ಆರ್ಹಸ್ ವಿಶ್ವವಿದ್ಯಾಲಯದ ಸಂಶೋಧಕರು ಬೋರ್ಡು ಆಡುವ ಜೋಡಿಗಳ ಕಣ್ಣಿನ ಚಲನೆಯನ್ನು ಅಳೆದು 2018ರಲ್ಲಿ ಫಲಿತಾಂಶ ಪ್ರಕಟಿಸಿದರು. ಬೇಕೆಂದೇ ಪದ ಬರೆಯುವಾಗ ಮುಂದಿನ ಅಕ್ಷರದ ಕಡೆಗೆ ಕಣ್ಣು ಮೊದಲೇ ಹೋಗುತ್ತದೆ. "ಬೋರ್ಡೇ ಬರೆಯುತ್ತಿದೆ" ಎನ್ನುವಾಗ ಒಬ್ಬೊಬ್ಬರ ಕಣ್ಣು ಅಷ್ಟು ಸಲ ಮುಂಚಿತವಾಗಿ ಹೋಗುವುದಿಲ್ಲ. ಆದರೆ ಇಬ್ಬರನ್ನೂ ಸೇರಿಸಿ ನೋಡಿದರೆ, ಸಾಮಾನ್ಯವಾಗಿ ಇಬ್ಬರಲ್ಲಿ ಒಬ್ಬರ ಕಣ್ಣಾದರೂ ಮುಂದಿನ ಅಕ್ಷರದ ಮೇಲೆ ಮೊದಲೇ ಇರುತ್ತಿತ್ತು. ಮೊದಲ ಅಕ್ಷರ ಎಲ್ಲೋ ಬೀಳುತ್ತದೆ, ಎರಡನೆಯದೂ ಹೆಚ್ಚುಕಡಿಮೆ ಹಾಗೆಯೇ. ಅಷ್ಟು ಹೊತ್ತಿಗೆ ಯಾರೋ ಒಬ್ಬರ ತಲೆಯಲ್ಲಿ ಒಂದು ಹೆಸರು ಹೊಳೆದಿರುತ್ತದೆ, ಅಲ್ಲಿಂದ ಮುಂದೆ ಕೈಗಳಿಗೆ ದಾರಿ ಗೊತ್ತು. ಅಕ್ಷರಗಳನ್ನು ಬರೆದುಕೊಳ್ಳುವವರು ಅರ್ಥವಾಗದ್ದನ್ನು ಬಿಟ್ಟು ಅರ್ಥವಾದದ್ದನ್ನು ಮಾತ್ರ ಜೋಡಿಸುತ್ತಾರೆ. ಆಟ ಮುಗಿದ ಮೇಲೆ ಉಳಿಯುವುದು ಅವರ ಚೀಟಿ ಮಾತ್ರ. ತಪ್ಪಿದ ಅಕ್ಷರಗಳು ಯಾರ ನೆನಪಿನಲ್ಲೂ ಇರುವುದಿಲ್ಲ.

ಒಂದು ವಿಚಾರವನ್ನು ಮುಚ್ಚಿಡಬಾರದು. ಬೋರ್ಡು ಕೆಲವೊಮ್ಮೆ ನಿಜವಾಗಿಯೂ ಸರಿ ಉತ್ತರ ಕೊಡುತ್ತದೆ. ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದವರು 2012ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಹೌದು-ಇಲ್ಲ ಪ್ರಶ್ನೆಗಳನ್ನು ಕೇಳಿದರು. "ಉತ್ತರ ಗೊತ್ತಿಲ್ಲ, ಸುಮ್ಮನೆ ಊಹಿಸುತ್ತೇನೆ" ಎಂದ ಪ್ರಶ್ನೆಗಳಿಗೆ ಬಾಯಲ್ಲಿ ಹೇಳಿದಾಗ ನೂರಕ್ಕೆ 50 ಸರಿಯಾದವು, ಬೋರ್ಡಿನಲ್ಲಿ 65. ಆ ಹೊತ್ತಿನಲ್ಲಿ ಆಡುವವರ ಕಣ್ಣು ಕಟ್ಟಿತ್ತು, ಜೊತೆಗಾರ ಸದ್ದಿಲ್ಲದೆ ಕೈ ತೆಗೆದುಬಿಟ್ಟಿದ್ದ. ಪ್ಲಾಂಚೆಟ್ಟನ್ನು ಓಡಿಸುತ್ತಿದ್ದದ್ದು ತಾವೊಬ್ಬರೇ ಎಂಬುದು ಅವರಿಗೆ ತಿಳಿದಿರಲಿಲ್ಲ. ಎಂದೋ ಕೇಳಿ ಮರೆತೆವು ಎಂದುಕೊಂಡದ್ದು ತಲೆಯ ಮೂಲೆಯಲ್ಲಿ ಉಳಿದಿರುತ್ತದೆ, ಕೈ ಅದನ್ನು ಹೊರಗೆ ಹಾಕುತ್ತದೆ. ಬೋರ್ಡು ಕೆಲಸ ಮಾಡುತ್ತದೆಯೇ ಎಂದು ಯಾರಾದರೂ ಕೇಳಿದರೆ ಪ್ರಾಮಾಣಿಕ ಉತ್ತರ ಇದು: ಆಡುವವರ ತಲೆಯಲ್ಲಿ ಇರುವುದನ್ನು ಹೊರಗೆ ತರುವ ಮಟ್ಟಿಗೆ ಕೆಲಸ ಮಾಡುತ್ತದೆ. ಅವರಲ್ಲಿ ಯಾರಿಗೂ ಗೊತ್ತಿರಲು ಸಾಧ್ಯವೇ ಇಲ್ಲದ್ದನ್ನು ಕೇಳಿದ ಕೂಡಲೇ ಅದು ಕುರುಡಾಗುತ್ತದೆ.

ಆ ಕುರುಡನ್ನು ತೋರಿಸುವುದೇ ಪರೀಕ್ಷೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುತ್ತಾರಲ್ಲ, ಹಾಗೆ.

ಮೊದಲು ಕಣ್ಣು ಕಟ್ಟುವ ಪರೀಕ್ಷೆ. ಹಗಲಿನಲ್ಲಿ, ಕಿಟಕಿ ತೆರೆದ ಕೋಣೆಯಲ್ಲಿ, ನೆಲದ ಬದಲು ಮೇಜಿನ ಮುಂದೆ ಕೂರಿಸಿ. ಹಿಂದೆ ಆಡಿದವರೇ ಆಡಲಿ, ಅವರದೇ ಬೋರ್ಡು, ಅವರದೇ ಲೋಟ. ಬೇರೆಯದನ್ನು ಕೊಟ್ಟರೆ "ಇದಕ್ಕೆ ಬರುವುದಿಲ್ಲ" ಎನ್ನುತ್ತಾರೆ, ಪರೀಕ್ಷೆ ಅಲ್ಲಿಗೇ ಮುಗಿಯುತ್ತದೆ. ಹತ್ತು ನಿಮಿಷ ಕಣ್ಣು ಬಿಟ್ಟುಕೊಂಡೇ ಆಡಲಿ. ಲೋಟ ಚೆನ್ನಾಗಿ ಓಡುತ್ತಿದೆ, ಪದಗಳು ಬರುತ್ತಿವೆ ಎಂದು ಅವರೇ ಒಪ್ಪಬೇಕು. ಆಮೇಲೆ ಎಲ್ಲರ ಕಣ್ಣಿಗೂ ಪಟ್ಟಿ ಕಟ್ಟಿ. ಬರೀ ಬಟ್ಟೆ ಕಟ್ಟಿದರೆ ಮೂಗಿನ ಪಕ್ಕದ ಸಂದಿಯಿಂದ ಬೋರ್ಡು ಚೆನ್ನಾಗಿಯೇ ಕಾಣುತ್ತದೆ. ಪ್ರತಿ ಕಣ್ಣಿನ ಮೇಲೆ ಹತ್ತಿಯ ಉಂಡೆ ಇಟ್ಟು ಮೇಲೆ ಪಟ್ಟಿ ಕಟ್ಟಬೇಕು. ಈಗ ಆಡದ ಒಬ್ಬರು ಬೋರ್ಡನ್ನು ಸದ್ದಿಲ್ಲದೆ ಎತ್ತಿ 180 ಡಿಗ್ರಿ ತಿರುಗಿಸಿ ಇಡಲಿ. ತಿರುಗಿಸುವುದನ್ನು ಮುಂಚೆ ಹೇಳಬಾರದು. ಆಡುವವರಿಗೆಲ್ಲ ಉತ್ತರ ಗೊತ್ತಿರುವ ಹತ್ತು ಸುಲಭ ಪ್ರಶ್ನೆ ಕೇಳಿ, ಮೊಬೈಲಿನಲ್ಲಿ ಮೇಲಿನಿಂದ ವಿಡಿಯೋ ತೆಗೆಯಿರಿ. ಲೋಟ ಓಡುತ್ತದೆ. ಓಡುವುದು "ಹೌದು" ಮೊದಲು ಎಲ್ಲಿತ್ತೋ ಆ ಜಾಗಕ್ಕೆ, ಈಗ ಅಲ್ಲಿ ಬೇರೇನೋ ಇದ್ದರೂ. ಅಕ್ಷರ ಕೂಡಿಸಿದರೆ ಪದವೇ ಆಗುವುದಿಲ್ಲ, ಎಷ್ಟೋ ಸಲ ಖಾಲಿ ಜಾಗದಲ್ಲಿ ನಿಲ್ಲುತ್ತದೆ.

ಈ ಪರೀಕ್ಷೆ ಕೆಡುವುದು ಹೆಚ್ಚಾಗಿ ನೋಡುವವರಿಂದ. ಯಾರೋ "ಅಯ್ಯೋ" ಎನ್ನುತ್ತಾರೆ, ಯಾರೋ ಕಿಸಕ್ಕೆಂದು ನಗುತ್ತಾರೆ, ಬರೆದುಕೊಳ್ಳುವವರು ಅಭ್ಯಾಸಬಲದಿಂದ ಅಕ್ಷರವನ್ನು ಗಟ್ಟಿಯಾಗಿ ಓದುತ್ತಾರೆ. ಅಷ್ಟು ಸುಳಿವು ಸಾಕು, ಕೈ ದಾರಿ ತಿದ್ದಿಕೊಳ್ಳುತ್ತದೆ. ಸುತ್ತ ಇಬ್ಬರಿಗಿಂತ ಹೆಚ್ಚು ಜನ ಬೇಡ, ಅವರೂ ಬಾಯಿ ಬಿಡಬಾರದು.

ಎರಡನೆಯದು ಮುಚ್ಚಿಟ್ಟ ಉತ್ತರದ ಪರೀಕ್ಷೆ. ಒಬ್ಬರು ಬೇರೆ ಕೋಣೆಯಲ್ಲಿ ನಾಣ್ಯವನ್ನು 20 ಸಲ ಚಿಮ್ಮಿ, ಪ್ರತಿ ಸಲ ತಲೆಯೋ ಬಾಲವೋ ಎಂದು ಬರೆದು, ಲಕೋಟೆಗೆ ಹಾಕಿ ಅಂಟಿಸಿ, ಕಟ್ಟಡದಿಂದಲೇ ಹೊರಗೆ ಹೋಗಲಿ. ಉತ್ತರ ಬಲ್ಲವರು ಕೋಣೆಯಲ್ಲಿದ್ದರೆ ಅವರ ಮುಖವೇ ಉತ್ತರ ಹೇಳಿಬಿಡುತ್ತದೆ. ಇನ್ನು ಬೋರ್ಡು ಒಂದರಿಂದ ಇಪ್ಪತ್ತರವರೆಗೆ ಹೇಳಲಿ, ಕಣ್ಣು ಕಟ್ಟುವುದು ಬೇಡ. ಸುಮ್ಮನೆ ಊಹಿಸಿದರೂ 10ರ ಆಸುಪಾಸು ಸರಿಯಾಗುತ್ತದೆ. 15 ಅಥವಾ ಅದಕ್ಕಿಂತ ಹೆಚ್ಚು ಬರೀ ಅದೃಷ್ಟದಿಂದ ಸರಿಯಾಗುವ ಸಾಧ್ಯತೆ ನೂರಕ್ಕೆ ಎರಡು. ಆದ್ದರಿಂದ "15 ಬಂದರೆ ಮತ್ತೊಮ್ಮೆ ಪೂರ್ತಿ ಮಾಡೋಣ, ಕಡಿಮೆಯಾದರೆ ಗೊತ್ತಿಲ್ಲ ಎಂದು ಒಪ್ಪೋಣ" ಎಂದು ಲಕೋಟೆ ಒಡೆಯುವ ಮೊದಲೇ ಬರೆದು ಎಲ್ಲರ ಸಹಿ ಹಾಕಿಸಿ. ಈ ಸಹಿಯನ್ನು ಬಿಟ್ಟರೆ ವಾದ ಮುಗಿಯುವುದೇ ಇಲ್ಲ. ಮೊದಲ ಆರರಲ್ಲಿ ಐದು ಸರಿಯಾಯಿತು ಎಂದು ಅಲ್ಲಿಗೇ ನಿಲ್ಲಿಸುವುದು, "ಇವತ್ತು ಆತ್ಮಕ್ಕೆ ಮನಸ್ಸಿಲ್ಲ" ಎಂದು ಅರ್ಧಕ್ಕೆ ಏಳುವುದು, ಎರಡೂ ನಡೆಯುತ್ತವೆ.

ಮೂರನೆಯದು ನಮಗೆ ಬಹಳ ಪ್ರಿಯವಾದದ್ದು. ಯಾರನ್ನೂ ಸೋಲಿಸದೆ, ಆಡುವವರ ಕಣ್ಣಿಗೇ ಅವರ ಕೈಯನ್ನು ತೋರಿಸುತ್ತದೆ. ಇದರ ಮೂಲ ಇಂಗ್ಲೆಂಡಿನ ವಿಜ್ಞಾನಿ ಮೈಕೆಲ್ ಫ್ಯಾರಡೆ. 1853ರಲ್ಲಿ ಯೂರೋಪಿನಲ್ಲೆಲ್ಲ ಮೇಜು ಸುತ್ತಿಸುವ ಹುಚ್ಚು ಹಬ್ಬಿತ್ತು. ಹತ್ತಾರು ಜನ ಮೇಜಿನ ಮೇಲೆ ಕೈಯಿಟ್ಟು ಕೂತರೆ ಮೇಜು ತಾನೇ ತಿರುಗುತ್ತಿತ್ತು. ಫ್ಯಾರಡೆ ಕೈಗೂ ಮೇಜಿಗೂ ನಡುವೆ ಎರಡು ಹಲಗೆಗಳನ್ನಿಟ್ಟು, ಅವುಗಳ ನಡುವೆ ಗಾಜಿನ ಸರಳುಗಳನ್ನು ಉರುಳೆಯಂತೆ ಹಾಕಿ, ರಬ್ಬರ್ ಪಟ್ಟಿಯಿಂದ ಬಿಗಿದು, ಪಕ್ಕಕ್ಕೆ ಹುಲ್ಲುಕಡ್ಡಿಯ ಮುಳ್ಳು ಕೂರಿಸಿದರು. ಮೇಜು ಮೊದಲು ಸರಿದರೆ ಮುಳ್ಳು ಒಂದು ಕಡೆ ವಾಲಬೇಕು, ಕೈ ಮೊದಲು ಸರಿದರೆ ಇನ್ನೊಂದು ಕಡೆ. ಕೈಯೇ ಮೊದಲು ಸರಿಯುತ್ತಿತ್ತು. ಇನ್ನೂ ಮುಖ್ಯವಾದದ್ದು, ಮುಳ್ಳು ಆಡುವವರ ಕಣ್ಣಿಗೆ ಕಾಣುವಂತೆ ಇಟ್ಟಾಗ ಮೇಜು ತಿರುಗುವುದೇ ನಿಂತುಹೋಯಿತು. ಅವರೆಲ್ಲ ಸಂಭಾವಿತರು, ಬೇಕೆಂದು ತಳ್ಳುತ್ತಿರಲಿಲ್ಲ. ತಳ್ಳುತ್ತಿದ್ದೇವೆ ಎಂದು ಕಂಡ ಕೂಡಲೇ ಕೈ ತಾನಾಗಿ ನಿಂತಿತು.

ಶಾಲೆಯಲ್ಲಿ ಇದನ್ನು ಅರ್ಧ ಗಂಟೆಯಲ್ಲಿ ಮಾಡಬಹುದು. 5 ಮಿ.ಮೀ. ದಪ್ಪದ ಗಟ್ಟಿ ಫೋಮ್ ಹಲಗೆ ಎರಡು ತುಂಡು, 15 ಸೆ.ಮೀ. ಉದ್ದ, 10 ಸೆ.ಮೀ. ಅಗಲ. ಕೆಳಗಿನದರ ತಳಕ್ಕೆ ಮೂರು ಕಡೆ ಮೆತ್ತನೆಯ ಬಟ್ಟೆಯ ಚೂರು ಅಂಟಿಸಿದರೆ ಅದೇ ನಿಮ್ಮ ಪ್ಲಾಂಚೆಟ್. ಮೇಲೆ ನಾಲ್ಕು ಖಾಲಿ ಬಾಲ್‌ಪೆನ್ ರೀಫಿಲ್ಲುಗಳನ್ನು ಅಗಲಕ್ಕೆ ಸಾಲಾಗಿ ಹಾಕಿ, ಅದರ ಮೇಲೆ ಎರಡನೇ ಹಲಗೆ ಇಡಿ. ಎರಡೂ ತುದಿಗೆ ಸಡಿಲವಾದ ರಬ್ಬರ್ ಬ್ಯಾಂಡ್. ಬಿಗಿಯಾದರೆ ಉರುಳೆ ಉರುಳುವುದಿಲ್ಲ, ತೀರಾ ಸಡಿಲವಾದರೆ ಹಲಗೆ ಕಳಚಿಬರುತ್ತದೆ. ಮೇಲಿನ ಹಲಗೆಯನ್ನು ಉಗುರಿನಿಂದ ಮುಟ್ಟಿದರೆ 3-4 ಮಿ.ಮೀ. ಸರಿದು ವಾಪಸು ಬರುವಷ್ಟು ಇರಲಿ. ಆಡುವವರ ಕಡೆಗಿರುವ ಉದ್ದದ ಅಂಚಿನಲ್ಲಿ ಒಂದು ಪ್ಲಾಸ್ಟಿಕ್ ಸ್ಟ್ರಾವನ್ನು ನೇರವಾಗಿ ನಿಲ್ಲಿಸಿ, ಅದರ ಬುಡಕ್ಕೆ ಒಂದು ಗುಂಡುಸೂಜಿ ಚುಚ್ಚಿ ಕೆಳಗಿನ ಹಲಗೆಗೆ, ಅದರಿಂದ ಸುಮಾರು 8 ಮಿ.ಮೀ. ಮೇಲೆ ಇನ್ನೊಂದು ಚುಚ್ಚಿ ಮೇಲಿನ ಹಲಗೆಗೆ ಸಿಕ್ಕಿಸಿ. ತೂತುಗಳು ಸ್ವಲ್ಪ ಸಡಿಲವಿರಲಿ. ಸ್ಟ್ರಾ 15 ಸೆ.ಮೀ. ಉದ್ದವಿದ್ದರೆ ಮೇಲಿನ ಹಲಗೆ 1 ಮಿ.ಮೀ. ಸರಿದಾಗ ಸ್ಟ್ರಾದ ತುದಿ 1.5 ಸೆ.ಮೀ.ಗಿಂತ ಹೆಚ್ಚು ವಾಲುತ್ತದೆ. ಉರುಳೆಗಳು ಒಂದೇ ದಿಕ್ಕಿನಲ್ಲಿ ಉರುಳುವುದರಿಂದ ಎಡಕ್ಕೆ "ಹೌದು", ಬಲಕ್ಕೆ "ಇಲ್ಲ" ಎಂದು ಎರಡೇ ಉತ್ತರ ಇಟ್ಟುಕೊಳ್ಳಿ.

ಮೊದಲು ಸ್ಟ್ರಾಗೆ ಕಾಗದದ ಮರೆ ಹಿಡಿದು ಆಡಿಸಿ, ಪಕ್ಕದಿಂದ ಒಬ್ಬರು ಅದನ್ನು ಮಾತ್ರ ವಿಡಿಯೋ ಮಾಡಲಿ. ಪ್ಲಾಂಚೆಟ್ ಕದಲುವ ಮುನ್ನ ಸ್ಟ್ರಾ ವಾಲಿರುವುದು ಅದರಲ್ಲಿ ಕಾಣುತ್ತದೆ. ಆಮೇಲೆ ಮರೆ ತೆಗೆದು, "ಸ್ಟ್ರಾ ನೆಟ್ಟಗೆ ಇರುವ ಹಾಗೆ ನೋಡಿಕೊಳ್ಳಿ, ಪ್ಲಾಂಚೆಟ್ ಬೇಕಾದರೆ ತಾನೇ ಓಡಲಿ" ಎನ್ನಿ. ಅದು ಓಡುವುದಿಲ್ಲ.

ಇಷ್ಟು ಮಾಡಲು ಸಮಯವಿಲ್ಲದವರಿಗೆ ಇನ್ನೂ ಸುಲಭದ ದಾರಿ ಇದೆ. ಬೋರಲು ಹಾಕಿದ ಲೋಟದ ತಳಕ್ಕೆ ಎರಡು ಹನಿ ಎಣ್ಣೆ ಸವರಿ, ಬೆರಳನ್ನು ಹಗುರವಾಗಿ ಇಡಿಸಿ. ಬೇರೇನೋ ಶಕ್ತಿ ಲೋಟವನ್ನು ಎಳೆಯುತ್ತಿದ್ದರೆ ಲೋಟ ಮುಂದೆ ಹೋಗಿ ಬೆರಳು ಹಿಂದೆ ಉಳಿಯಬೇಕು. ಆಗುವುದು ಉಲ್ಟಾ. ಲೋಟ ನಿಂತಲ್ಲೇ ಇರುತ್ತದೆ, ಬೆರಳು ಎಣ್ಣೆಯ ಮೇಲೆ ನುಣ್ಣಗೆ ಜಾರಿ "ಹೌದು" ಕಡೆಗೆ ಹೊರಡುತ್ತದೆ. ತನ್ನ ಬೆರಳು ತಾನು ಹೇಳದೆ ಹಾಗೆ ಹೊರಡುವುದನ್ನು ಕಂಡ ಮಗುವಿನ ಮುಖ ನೋಡಿ. ಹೆದರಿಕೆ ಅಲ್ಲಿ ಕುತೂಹಲಕ್ಕೆ ತಿರುಗುತ್ತದೆ. ಬೆರಳನ್ನು ಒತ್ತಿ ಹಿಡಿದರೆ ಎಣ್ಣೆ ಪಕ್ಕಕ್ಕೆ ಸರಿದು ಮತ್ತೆ ಹಿಡಿತ ಸಿಗುತ್ತದೆ, ಆಗ ಒರೆಸಿ ಹೊಸದಾಗಿ ಸವರಬೇಕು. ಎಣ್ಣೆ ಲೋಟದ ಅಂಚಿಗೆ ಇಳಿಯಬಾರದು, ಇಳಿದರೆ ಲೋಟವೂ ಜಾರತೊಡಗುತ್ತದೆ.

ಒಂದು ಪೆನ್ಸಿಲಿನ ಮೇಲೆ ಇನ್ನೊಂದನ್ನು ಅಡ್ಡ ಇಟ್ಟು "ಚಾರ್ಲಿ, ಚಾರ್ಲಿ" ಎಂದು ಕರೆಯುವ ಆಟ 2015ರಲ್ಲಿ ಮೊಬೈಲುಗಳಲ್ಲಿ ಹಬ್ಬಿದ್ದು ನೆನಪಿರಬಹುದು. ಅದರಲ್ಲಿ ಕೈಯ ಪಾತ್ರವೂ ಇಲ್ಲ. ಮೇಲಿನ ಪೆನ್ಸಿಲು ಕೆಳಗಿನದನ್ನು ಒಂದು ಚುಕ್ಕೆಯಷ್ಟು ಜಾಗದಲ್ಲಿ ಮಾತ್ರ ಮುಟ್ಟಿರುತ್ತದೆ, ಹೆಸರು ಕರೆಯುವಾಗ ಬಂದ ಉಸಿರೇ ಅದನ್ನು ತಿರುಗಿಸುತ್ತದೆ. ಮುಖಕ್ಕೆ ಅಡ್ಡವಾಗಿ ಪುಸ್ತಕ ಹಿಡಿದು ಕರೆಸಿ ನೋಡಿ.

ಈಗ ಭಯದ ಮಾತು. ಈ ಭಯ ಬೋರ್ಡಿನಷ್ಟು ಹಳೆಯದಲ್ಲ. ಎಲೈಜಾ ಬಾಂಡ್ ಹೆಸರಿನಲ್ಲಿ ಅಮೆರಿಕದಲ್ಲಿ ಇದಕ್ಕೆ ಪೇಟೆಂಟ್ ಸಿಕ್ಕಿದ್ದು 1891ರ ಫೆಬ್ರವರಿ 10ರಂದು, ಮಾರಿದ್ದು ಮನೆಮಂದಿ ಕೂತು ಆಡುವ ಆಟಿಕೆಯೆಂದು. 1922ರಲ್ಲಿ ಇದಕ್ಕೆ ಆಟದ ಸಾಮಾನಿನ ತೆರಿಗೆ ಹಾಕಬೇಕೇ ಎಂಬ ವ್ಯಾಜ್ಯ ಅಮೆರಿಕದ ನ್ಯಾಯಾಲಯದ ಮುಂದೆ ಬಂದಾಗ, ತಯಾರಕರೇ ಇದು ಬರೀ ಆಟವಲ್ಲ ಎಂದು ವಾದಿಸಿ ಸೋತರು. 1967ರಲ್ಲಿ ಪಾರ್ಕರ್ ಬ್ರದರ್ಸ್ ಎಂಬ ಆಟದ ಸಾಮಾನಿನ ಕಂಪನಿ ಸುಮಾರು 20 ಲಕ್ಷ ಬೋರ್ಡು ಮಾರಿತು, ಮೊನಾಪಲಿ ಆಟಕ್ಕಿಂತ ಹೆಚ್ಚು. ಅಲ್ಲಿಯವರೆಗೆ ಪಾದ್ರಿಗಳ ಎಚ್ಚರಿಕೆ ಇದ್ದರೂ ಜನಸಾಮಾನ್ಯರಿಗೆ ಇದು ಹೆದರುವ ವಸ್ತುವಾಗಿರಲಿಲ್ಲ. 1973ರಲ್ಲಿ ಬಂದ 'ದಿ ಎಕ್ಸಾರ್ಸಿಸ್ಟ್' ಚಿತ್ರದಲ್ಲಿ ಓಯಿಜಾ ಬೋರ್ಡು ಆಡಿದ ಹುಡುಗಿಯನ್ನು ಪಿಶಾಚಿ ಹಿಡಿಯುತ್ತದೆ. ಅದಾದ ಮೇಲೆ ಬಂದ ಹೆದರಿಸುವ ಚಿತ್ರಗಳು ಆ ಎಳೆಯನ್ನು ಬಿಡಲಿಲ್ಲ. ನಿಮ್ಮ ಹಾಸ್ಟೆಲಿನ ಮಗು ಕತ್ತಲೆಯಲ್ಲಿ ಬೋರ್ಡಿನ ಮುಂದೆ ಕೂರುವಾಗ ಆ ಚಿತ್ರಗಳೆಲ್ಲ ತಲೆಯಲ್ಲಿ ತುಂಬಿಕೊಂಡೇ ಕೂತಿರುತ್ತದೆ.

ಜೊತೆಗೆ ಆಟದ ನಿಯಮಗಳು. ಒಬ್ಬರೇ ಆಡಬಾರದು, "ಗುಡ್‌ಬೈ" ಹೇಳದೆ ಏಳಬಾರದು, ಬೋರ್ಡನ್ನು ಸುಡಬಾರದು. ಇಂಥದ್ದನ್ನೆಲ್ಲ ಪಿಸುಮಾತಿನಲ್ಲಿ ಕಲಿಯುವ ಮಗುವಿಗೆ, ಇಷ್ಟು ಎಚ್ಚರಿಕೆ ಬೇಕಾದದ್ದರಲ್ಲಿ ಅಪಾಯ ಇರಲೇಬೇಕು ಎಂದು ಆಟಕ್ಕೆ ಮೊದಲೇ ಅನ್ನಿಸಿರುತ್ತದೆ. ಯಾರೋ ಹೆದರಿ ಗುಡ್‌ಬೈ ಹೇಳದೆ ಎದ್ದು ಓಡುತ್ತಾರೆ. ಮಾರನೆಯ ವಾರ ಯಾರಿಗಾದರೂ ಜ್ವರ ಬಂದರೆ, ಪರೀಕ್ಷೆಯಲ್ಲಿ ಅಂಕ ಕಡಿಮೆಯಾದರೆ, ಕಾರಣ ಸಿದ್ಧವಾಗಿರುತ್ತದೆ.

ಬೋರ್ಡು ಯಾಕೆ ಕೆಟ್ಟದ್ದನ್ನೇ ಬರೆಯುತ್ತದೆ ಎಂಬುದಕ್ಕೂ ಕಾರಣವಿದೆ. ಮನೋವಿಜ್ಞಾನಿ ಡೇನಿಯಲ್ ವೆಗ್ನರ್ ಮತ್ತು ಜೊತೆಗಾರರು 1998ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಜನರ ಕೈಗೆ ಲೋಲಕ ಕೊಟ್ಟು, ಇಂಥ ದಿಕ್ಕಿಗೆ ಮಾತ್ರ ಆಡಿಸಬೇಡಿ ಎಂದರು. ಲೋಲಕ ಆ ದಿಕ್ಕಿಗೇ ಹೆಚ್ಚು ಆಡಿತು. ತಲೆಗೆ ಬೇರೊಂದು ಲೆಕ್ಕದ ಕೆಲಸ ಕೊಟ್ಟಾಗ ಇನ್ನೂ ಹೆಚ್ಚಾಯಿತು. "ಸಾವು ಎಂದು ಮಾತ್ರ ಬರಬಾರದಪ್ಪಾ" ಎಂದು ನಾಲ್ಕು ಮಕ್ಕಳು ಉಸಿರು ಹಿಡಿದು ಕೂತಾಗ ಎಲ್ಲರ ಬೆರಳಿಗೂ ಗೊತ್ತಿರುವುದು ಅದೊಂದೇ ದಾರಿ. "ನಾನು ಯಾವಾಗ ಸಾಯುತ್ತೇನೆ" ಎಂದು ಕೇಳಿ ಒಂದು ಸಂಖ್ಯೆ ಪಡೆದ ಮಗು ಅದನ್ನು ವರ್ಷಗಟ್ಟಲೆ ಎದೆಯಲ್ಲಿ ಇಟ್ಟುಕೊಳ್ಳಬಹುದು. ಆ ಸಂಖ್ಯೆ ಏನೆಂದು ಒಬ್ಬರೇ ಇದ್ದಾಗ, ಮೆಲ್ಲಗೆ ಕೇಳಿ ತಿಳಿದುಕೊಳ್ಳಿ.

ಇನ್ನೊಂದು ದೂರು ಬಹಳ ಬರುತ್ತದೆ: "ಬೆಳಗಿನ ಜಾವ ಎದೆಯ ಮೇಲೆ ಯಾರೋ ಕೂತಿದ್ದರು, ಕೂಗಲು ಆಗಲಿಲ್ಲ." ಕನಸು ಬೀಳುವ ನಿದ್ದೆಯಲ್ಲಿ ದೇಹದ ಸ್ನಾಯುಗಳು ಸಡಿಲಗೊಂಡು ಕಟ್ಟಿಹಾಕಿದಂತೆ ಇರುತ್ತವೆ. ಆ ಸ್ಥಿತಿ ಮುಗಿಯುವ ಮೊದಲೇ ಎಚ್ಚರವಾದರೆ ಕೈಕಾಲು ಆಡುವುದಿಲ್ಲ, ಕನಸಿನ ತುಣುಕು ಕೋಣೆಯಲ್ಲೇ ನೆರಳಾಗಿ ನಿಂತಂತೆ ಕಾಣುತ್ತದೆ. ನಿದ್ದೆಗೆಟ್ಟವರಿಗೆ, ಅಂಗಾತ ಮಲಗುವವರಿಗೆ ಇದು ಹೆಚ್ಚು. ರಾತ್ರಿ ಎರಡರವರೆಗೆ ಬೋರ್ಡು ಆಡಿ ಹೆದರಿ ಮಲಗಿದವರಿಗೆ ಇದು ಬಂದರೆ ಆಶ್ಚರ್ಯವೇನಿಲ್ಲ. ಒಂದೆರಡು ನಿಮಿಷದಲ್ಲಿ ತಾನೇ ಹೋಗುತ್ತದೆ, ಸರಿಯಾಗಿ ನಿದ್ದೆ ಮಾಡಿದರೆ ಮರಳಿ ಬರುವುದು ಕಡಿಮೆಯಾಗುತ್ತದೆ.

ಆಟದ ನಡುವೆಯೇ ಮಕ್ಕಳು ಒಬ್ಬರ ಹಿಂದೆ ಒಬ್ಬರು ಕುಸಿದರೆ ನಿಮ್ಮ ಕೆಲಸ ಬೇರೆ. ಹೆದರಿ ವೇಗವಾಗಿ ಉಸಿರಾಡಿದಾಗ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ತಗ್ಗುತ್ತದೆ. ಬೆರಳು, ತುಟಿ ಜುಮ್ಮೆನ್ನುತ್ತವೆ, ತಲೆ ತಿರುಗುತ್ತದೆ, ಕೈಬೆರಳು ಸೆಟೆದು ಒಳಕ್ಕೆ ಬಾಗುತ್ತವೆ. ಸೆಟೆದ ಕೈಯನ್ನು ನೋಡಿದ ಪಕ್ಕದ ಮಗು ಇನ್ನೂ ಹೆದರುತ್ತದೆ, ಅದರ ಉಸಿರೂ ವೇಗವಾಗುತ್ತದೆ. ಇದು ನೋಟದಿಂದ, ಸದ್ದಿನಿಂದ ಹರಡುತ್ತದೆ, ಹಾಗಾಗಿ ಮೊದಲು ಮಕ್ಕಳನ್ನು ಒಬ್ಬರಿಗೊಬ್ಬರು ಕಾಣದಂತೆ ಬೇರೆ ಬೇರೆ ಕೋಣೆಗೆ ಕರೆದೊಯ್ಯಿರಿ. ದೀಪಗಳನ್ನೆಲ್ಲ ಹಾಕಿ, ಗುಂಪನ್ನು ಚದುರಿಸಿ. ಒಂದು ಮಗುವಿಗೆ ಒಬ್ಬರು ದೊಡ್ಡವರು ಪಕ್ಕದಲ್ಲಿ ಕೂತು ನಾಲ್ಕು ಎಣಿಸುವಷ್ಟು ಹೊತ್ತು ಉಸಿರು ಒಳಕ್ಕೆ, ಆರು ಎಣಿಸುವಷ್ಟು ಹೊರಕ್ಕೆ ತಾವೂ ಜೊತೆಯಲ್ಲೇ ಮಾಡಲಿ. ಬಾಯಿಗೆ ಕಾಗದದ ಚೀಲ ಹಿಡಿಯಬೇಡಿ. ಅದು ಆಸ್ತಮಾ ಅಥವಾ ಹೃದಯದ ತೊಂದರೆಯಾಗಿದ್ದರೆ ಚೀಲ ಅಪಾಯ. ಎಚ್ಚರ ಒಂದು ನಿಮಿಷದೊಳಗೆ ಬಾರದಿದ್ದರೆ, ಮೈ ಝಾಡಿಸಿ ಫಿಟ್ಸ್ ಬಂದಂತೆ ಕಂಡರೆ, ಎದೆನೋವು ಎಂದರೆ, ತಲೆಗೆ ಪೆಟ್ಟಾಗಿದ್ದರೆ ತಡಮಾಡದೆ ವೈದ್ಯರ ಬಳಿ ಹೋಗಿ. ಹೊಡೆಯುವುದು, ಹೊಗೆ ಹಾಕುವುದು, ಮೆಣಸಿನಕಾಯಿ ಮೂಸಿಸುವುದು ಹಿಂಸೆ. ಅದನ್ನು ಯಾರು ಮಾಡಲು ಬಂದರೂ ಗೇಟಿನಲ್ಲೇ ತಡೆಯುವುದು ನಿಮ್ಮ ಹೊಣೆ.

ಎರಡು ವಾರ ಕಳೆದರೂ ನಿದ್ದೆಯಿಲ್ಲ, ಊಟ ಬಿಟ್ಟಿದೆ, ಬೋರ್ಡು ಇಲ್ಲದಿದ್ದಾಗಲೂ ದನಿ ಕೇಳುತ್ತಿದೆ ಎನ್ನುವ ಮಗುವಿಗೆ ಪರೀಕ್ಷೆ ಮಾಡಿ ತೋರಿಸಿದರೆ ಸಾಲದು, ಮನೋವೈದ್ಯರು ಬೇಕು. ತನಗೇ ಏನಾದರೂ ಮಾಡಿಕೊಳ್ಳಬೇಕು ಎಂದು ದನಿ ಹೇಳುತ್ತಿದೆ ಎಂದರೆ ಎರಡು ವಾರ ಕಾಯಬೇಡಿ, ಅಂದೇ ಕರೆದೊಯ್ಯಿರಿ, ಅಲ್ಲಿಯವರೆಗೆ ಒಂಟಿಯಾಗಿ ಬಿಡಬೇಡಿ.

ಗುಂಪಿನಲ್ಲಿ ಒಬ್ಬರು ತಮಾಷೆಗೆ ಬೇಕೆಂದೇ ತಳ್ಳಿರುವುದೂ ಇರುತ್ತದೆ. ಗೆಳತಿ ಕುಸಿದ ಮೇಲೆ ಆ ಮಗು ತಪ್ಪು ಒಪ್ಪಲಾರದೆ ಒಳಗೇ ನರಳುತ್ತಿರುತ್ತದೆ. ಎಲ್ಲರನ್ನೂ ನಿಲ್ಲಿಸಿ "ಯಾರು ತಳ್ಳಿದ್ದು ಹೇಳಿ" ಎಂದರೆ ಅದು ಎಂದೂ ಬಾಯಿ ಬಿಡುವುದಿಲ್ಲ. ಹೆಸರಿಲ್ಲದ ಚೀಟಿ ಹಾಕಲು ಒಂದು ಡಬ್ಬಿ ಇಡಿ, ಶಿಕ್ಷೆಯಿಲ್ಲ ಎಂದು ಹೇಳಿ, ಹೇಳಿದಂತೆ ನಡೆದುಕೊಳ್ಳಿ.

ಇನ್ನೊಂದನ್ನು ಬೇಡಿಕೆಯಾಗಿಯೇ ಬರೆಯುತ್ತಿದ್ದೇವೆ. ಕಳ್ಳತನವಾದಾಗ ಬೋರ್ಡು ಹೇಳಿದ ಹೆಸರನ್ನು ಯಾವ ಕಾರಣಕ್ಕೂ ಕಿವಿಗೆ ಹಾಕಿಕೊಳ್ಳಬೇಡಿ. ಮೂವರಿಗೆ ಯಾರ ಮೇಲೆ ಗುಮಾನಿಯೋ ಲೋಟ ಅವರ ಹೆಸರನ್ನೇ ಬರೆಯುತ್ತದೆ. ಹೆಚ್ಚಾಗಿ ಅದು ಗುಂಪಿಗೆ ಸೇರದ, ಬಡ, ಮಾತು ಕಡಿಮೆಯಾಡುವ ಮಗುವಿನ ಹೆಸರು. ದೊಡ್ಡವರೂ ಈ ತಪ್ಪು ಮಾಡಿದ್ದಾರೆ. 1994ರಲ್ಲಿ ಇಂಗ್ಲೆಂಡಿನ ಒಂದು ಕೊಲೆ ಮೊಕದ್ದಮೆಯಲ್ಲಿ ಕೆಲವು ಜ್ಯೂರಿ ಸದಸ್ಯರು ಹೋಟೆಲಿನಲ್ಲಿ ಲೋಟ ಇಟ್ಟು ಸತ್ತವರನ್ನೇ ಕೊಂದವರು ಯಾರೆಂದು ಕೇಳಿದ್ದು ಬೆಳಕಿಗೆ ಬಂದು, ಮೇಲ್ಮನವಿ ನ್ಯಾಯಾಲಯ ತೀರ್ಪನ್ನು ರದ್ದುಮಾಡಿ ಮರುವಿಚಾರಣೆಗೆ ಆದೇಶಿಸಿತು. 1990ರ ದಶಕದಲ್ಲಿ ಮಾತು ಬಾರದ ಮಕ್ಕಳ ಕೈ ಹಿಡಿದು ಟೈಪು ಮಾಡಿಸುವ ಪದ್ಧತಿಯೊಂದು ಅಮೆರಿಕದಲ್ಲಿ ಹಬ್ಬಿ, ಹಾಗೆ ಟೈಪಾದ ಮಾತುಗಳ ಮೇಲೆಯೇ ತಂದೆತಾಯಂದಿರ ಮೇಲೆ ದೌರ್ಜನ್ಯದ ಆರೋಪ ಬಂದವು. ಮಗುವಿಗೆ ಒಂದು ಚಿತ್ರ, ಕೈ ಹಿಡಿದವರಿಗೆ ಇನ್ನೊಂದು ಚಿತ್ರ ತೋರಿಸಿ ಪರೀಕ್ಷಿಸಿದಾಗ ಟೈಪಾದದ್ದು ಕೈ ಹಿಡಿದವರು ಕಂಡದ್ದು. ಅವರಿಗೂ ತಾವು ಬರೆಯುತ್ತಿದ್ದೇವೆ ಎಂಬ ಅರಿವಿರಲಿಲ್ಲ.

ಪರೀಕ್ಷೆಗೆ ಕೂರಿಸಲೇಬಾರದ ಮಗುವೊಂದಿದೆ. ಅಪ್ಪನನ್ನೋ ಅಕ್ಕನನ್ನೋ ಕಳೆದುಕೊಂಡು, ಅವರೊಡನೆ ಒಂದು ಮಾತಾಡಲು ಬೋರ್ಡಿನ ಮುಂದೆ ಕೂತ ಮಗು. ಅದಕ್ಕೆ ಉತ್ತರ ಬಂದಿರುತ್ತದೆ, ಅಪ್ಪ ಕರೆಯುತ್ತಿದ್ದ ಮುದ್ದುಹೆಸರಿನಲ್ಲೇ ಬಂದಿರುತ್ತದೆ. ಆ ಹೆಸರು ಬೋರ್ಡಿಗೆ ಹೇಗೆ ಗೊತ್ತಾಯಿತು ಎಂಬುದು ಈಗ ನಿಮಗೆ ತಿಳಿದಿದೆ. ಆ ಮಗುವಿನ ಬೆರಳಿಗೆ ಎಣ್ಣೆ ಸವರಿ, ನೋಡು ನೀನೇ ತಳ್ಳಿದ್ದು ಎಂದು ಎಲ್ಲರೆದುರು ತೋರಿಸುವುದು ಕ್ರೌರ್ಯ. ಅಪ್ಪ ಏನು ಹೇಳಿದರು ಎಂದು ಕೇಳಿ. ಹೇಳಿ ಮುಗಿಸುವವರೆಗೆ ಸುಮ್ಮನೆ ಕೂತು ಕೇಳಿಸಿಕೊಳ್ಳಿ. ಅಪ್ಪನ ಬಗ್ಗೆ ಮಾತಾಡಲು ಅದಕ್ಕೆ ಬೇರೆ ಯಾರೂ ಸಿಕ್ಕಿರಲಿಕ್ಕಿಲ್ಲ. ಬೋರ್ಡಿನ ವಿವರಣೆಯನ್ನು ಮಗು ತಾನಾಗಿ ಕೇಳಿದ ದಿನ ಹೇಳಿದರಾಯಿತು.

ಕೊನೆಗೆ ಸಿಕ್ಕಿದ ಬೋರ್ಡನ್ನು ಏನು ಮಾಡಬೇಕು? ಸುಡಬೇಡಿ, ಹೂಳಬೇಡಿ, ಕದ್ದುಮುಚ್ಚಿ ನದಿಗೆ ಎಸೆಯಬೇಡಿ. ವಿಜ್ಞಾನ ಪ್ರಯೋಗಾಲಯದಲ್ಲಿ ಸೂಕ್ಷ್ಮದರ್ಶಕಗಳ ಪಕ್ಕ ಗಾಜಿನ ಬಾಗಿಲಿನ ಕಪಾಟಿನಲ್ಲಿ ಇಡಿ. ಜೊತೆಗೆ ಆ ಲೋಟ, ಕಣ್ಣಿನ ಪಟ್ಟಿಗಳು, ಹತ್ತಿ, ಎಣ್ಣೆಯ ಸೀಸೆ, ರೀಫಿಲ್ಲಿನ ಉರುಳೆ ಹಾಕಿದ ಹಲಗೆ, ಮಕ್ಕಳು ಸಹಿ ಹಾಕಿದ ಆ ಹಾಳೆ. ಕೇಳಿದವರಿಗೆ ಹಗಲಿನಲ್ಲಿ ತೆಗೆದುಕೊಡಿ.

ಇಂತಿ,
ಈ ವಿಷಯವನ್ನು ಬಲ್ಲ, ನಿಮ್ಮ ಮಕ್ಕಳ ಹಿತ ಬಯಸುವವರು